ದನಿ ತಗ್ಗಿಸಿದ ಭಾಗ್ಯಮ್ಮ

ಬೆಳಗಿನ ಐದು ಗಂಟೆ. ದೊಡ್ಡಬಳ್ಳಾಪುರದ ಕರೇನಹಳ್ಳಿ ಕಡೆಯ ಈ ಅಡ್ಡಬೀದಿಯಲ್ಲಿ ಇನ್ನೂ ಒಂದು ಮಗ್ಗವೂ ಸದ್ದು ಮಾಡಿಲ್ಲ. ನೇಕಾರ ಅನಿಲ್‌ಕುಮಾರ್ ಮನೆಯ ಮುಂದಿನ ಕೋಣೆಯಲ್ಲಿ, ವಿದ್ಯುತ್ ಮಗ್ಗದ ಹಿಂದೆ ಒಂದು ಮಣೆ ಹಾಕಿಕೊಂಡು ಭಾಗ್ಯಮ್ಮ ಕೂತಿದ್ದಾರೆ. ನೆತ್ತಿಯ ಮೇಲೊಂದು ಬಲ್ಬು, ಮೊಣಕಾಲ ಪಕ್ಕದಲ್ಲಿ ತೆಂಗಿನ ಚಿಪ್ಪಿನ ತುಂಬ ಒಲೆಬೂದಿ. ಎಳೆ ಜಾರದಿರಲೆಂದು ಬೆರಳ ತುದಿಯನ್ನು ಬೂದಿಗೆ ಅದ್ದುತ್ತಾರೆ, ಹಳೆಯ ಎಳೆಯೊಂದನ್ನು ಹಿಡಿಯುತ್ತಾರೆ, ಹೊಸ ಎಳೆಯೊಂದನ್ನು ಎಳೆದುಕೊಳ್ಳುತ್ತಾರೆ, ಎರಡನ್ನೂ ಸೇರಿಸಿ ಒಂದೇ ಒಂದು ಸಲ ಹೊಸೆಯುತ್ತಾರೆ. ಆಯಿತು. ಮುಂದಿನದು. ನೋಡುತ್ತ ನಿಂತವರಿಗೆ ಎಳೆ ಕಾಣುವುದಿಲ್ಲ, ಬೆರಳು ಮಾತ್ರ ಕಾಣುತ್ತದೆ.

ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಹಾಸಿದ ಎಳೆಗಳ ಸಾಲು, ಮುಗಿಯುತ್ತ ಬಂದಾಗ ಹೊಸದನ್ನು ಏರಿಸಬೇಕು. ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸದರ ಒಂದೊಂದು ಎಳೆಯನ್ನು ಕೈಯಲ್ಲೇ ಸೇರಿಸಬೇಕು. ಇದಕ್ಕೆ ಇಲ್ಲಿಯವರು ಅಚ್ಚು ಕೆಚ್ಚುವುದು ಅನ್ನುತ್ತಾರೆ. ರೇಷ್ಮೆಯ ಒಂದು ಹಾಸಿನಲ್ಲಿ ಎಷ್ಟು ಎಳೆ ಅಂತೀರಿ? ಐದು ಸಾವಿರಕ್ಕೆ ಕಮ್ಮಿ ಇಲ್ಲ. ಬೆಳಿಗ್ಗೆ ಒಂದು ಮನೆ, ಮಧ್ಯಾಹ್ನದ ಮೇಲೆ ಇನ್ನೊಂದು ಮನೆ, ಅಂದರೆ ದಿನಕ್ಕೆ ಹತ್ತು ಸಾವಿರ ಸಲ ಬೆರಳು ಹೊಸೆಯುತ್ತದೆ. ಐವತ್ಮೂರು ವರ್ಷದ ಭಾಗ್ಯಮ್ಮ ಇದನ್ನು ಮೂವತ್ತೈದು ವರ್ಷದಿಂದ ಮಾಡುತ್ತಿದ್ದಾರೆ. ಹೆಬ್ಬೆರಳಿನ ಗೆರೆಗಳೆಲ್ಲ ಸವೆದು ನುಣ್ಣಗಾಗಿವೆ. ನ್ಯಾಯಬೆಲೆ ಅಂಗಡಿಯ ಯಂತ್ರ ಇವರ ಹೆಬ್ಬೆಟ್ಟನ್ನು ಒಪ್ಪುವುದೇ ಇಲ್ಲ, ಮಗ ಜೊತೆಗೆ ಹೋಗಿ ಬೆರಳು ಒತ್ತಿದರೆ ಮಾತ್ರ ಅಕ್ಕಿ.

"ನಾನು ಯಾರು ಅಂತ ಆ ಮಿಷನ್‌ಗೇ ಗೊತ್ತಾಗಲ್ಲ, ಇನ್ನು ಪೇಪರ್‌ನಲ್ಲಿ ಏನು ಬರೀತೀರ ಸ್ವಾಮಿ," ಎಂದು ಬರೆಯಲು ಬಂದವರನ್ನು ನಗಿಸಿ ಕೂರಿಸುತ್ತಾರೆ. ನಗಿಸುವುದೂ ಪಿಸುಮಾತಿನಲ್ಲಿ. ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ಯದಿದ್ದರೆ ಒಂದಕ್ಷರ ಸಿಗುವುದಿಲ್ಲ.

ಇದು ಈ ಬೀದಿಗೆ ಹೊಂದುವ ಸಂಗತಿಯಲ್ಲ. ಮಗ್ಗದವರ ಗಂಟಲು ಕೇಳಿದವರಿಗೆ ಗೊತ್ತು. ಬೆಳಗಿನಿಂದ ಸಂಜೆಯತನಕ ಖಟಖಟ ಸದ್ದಿನ ಮೇಲೆ ಮಾತಾಡಿ ಮಾತಾಡಿ, ಚಿಟಿಕೆ ಉಪ್ಪು ಕೇಳುವಾಗಲೂ ಜಗಳಕ್ಕೆ ನಿಂತವರ ಹಾಗೆ ಕೂಗುತ್ತಾರೆ. ಭಾಗ್ಯಮ್ಮನ ಪಕ್ಕದ ಮನೆಯಲ್ಲಿ ಎಪ್ಪತ್ತೆಂಟರ ಮುನಿತಾಯಮ್ಮ ಇದ್ದಾರೆ. ಸೊಸೆ ದಿನಾ ಬೆಳಿಗ್ಗೆ ಒಳಗಿಂದ "ಅತ್ತೇ, ಶುಗರ್ ಮಾತ್ರೆ ನುಂಗಿದ್ರಾ?" ಎಂದು ಕೇಳುವುದು ಮೂರು ಬೀದಿಗೆ ಕೇಳುತ್ತದೆ. ಅಂಥ ಕಡೆ ಹುಟ್ಟಿ ಬೆಳೆದ ಹೆಂಗಸು ಪಿಸುಗುಟ್ಟುತ್ತಾರೆ ಅಂದರೆ ಗಂಟಲು ಕೆಟ್ಟಿರಬೇಕು ಅಂದುಕೊಳ್ಳುತ್ತೇವೆ. ಗಂಟಲು ಚೆನ್ನಾಗಿಯೇ ಇದೆ. ನಾಲ್ಕು ವರ್ಷದ ಹಿಂದೆ ತಾವಾಗಿಯೇ ತಗ್ಗಿಸಿಕೊಂಡ ದನಿ ಇದು, ನಾಚಿಕೆಯಿಂದ ತಗ್ಗಿಸಿಕೊಂಡದ್ದು.

ಅದಕ್ಕೆ ಬರೋಣ. ಅದಕ್ಕೂ ಮೊದಲು ಈ ಬೆಳಗಿನ ಕೆಲಸ ನೋಡಬೇಕು, ಯಾಕೆಂದರೆ ಭಾಗ್ಯಮ್ಮ ಕೆಚ್ಚುವುದು ಎಳೆಯನ್ನಷ್ಟೇ ಅಲ್ಲ. ಮಗ್ಗದ ಹಿಂದೆ ನಾಲ್ಕು ಗಂಟೆ ಅಲ್ಲಾಡದೆ ಕೂರುವವರಿಗೆ ಆ ಮನೆಯ ಒಳಗೆಲ್ಲ ಕಾಣುತ್ತದೆ. ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾರು ತಟ್ಟೆಯನ್ನು ಹಾಗೇ ಸರಿಸಿ ಎದ್ದರು, ಯಾರ ಕಣ್ಣು ಇಡೀ ವಾರ ನಿದ್ದೆ ಕಂಡಿಲ್ಲ. ಕಳೆದ ನಾಲ್ಕು ವರ್ಷದಲ್ಲಿ ಹನ್ನೊಂದು ಜನರನ್ನು ಇವರು ಒಬ್ಬೊಬ್ಬರಾಗಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿದ್ದಾರೆ. "ನೂಲು ತರೋಕೆ ಹೋಗ್ತಿದೀನಿ, ಜೊತೆಗೆ ಬಾ" ಅಂತ ಹೊರಡಿಸುತ್ತಾರೆ, ಬಸ್ಸಿನಲ್ಲಿ ನಿಜ ಹೇಳುತ್ತಾರೆ. ಏಳು ಜನಕ್ಕೆ ಡಾಕ್ಟರು ಕಾಯಿಲೆ ಅಂದು ಮಾತ್ರೆ ಕೊಟ್ಟರು. ನಾಲ್ಕು ಜನಕ್ಕೆ ಕಾಯಿಲೆಯಲ್ಲ, ಕಷ್ಟ ಅಂದು ಮಾತಾಡಿಸಿ ಕಳಿಸಿದರು. ಆ ಹನ್ನೊಂದು ಹೆಸರು ಇಲ್ಲಿ ಇಲ್ಲ. ಭಾಗ್ಯಮ್ಮ ಹೇಳಲಿಲ್ಲ, ಎಷ್ಟು ಕೆದಕಿದರೂ ಹೇಳಲಿಲ್ಲ.

ಇವತ್ತಿನ ಮನೆಯ ಅನಿಲ್‌ಕುಮಾರ್ ಮಾತ್ರ ತನ್ನ ಹೆಸರು ಬರೆದರೆ ತೊಂದರೆ ಇಲ್ಲ ಅಂದಿದ್ದಾನೆ. ಅಣ್ಣ ಮನೆ ಭಾಗ ಮಾಡಿಸಿಕೊಂಡು ಬೂದಿಗೆರೆಗೆ ಹೊರಟುಹೋದ, ತಾಯಿಯೂ ಅವನ ಜೊತೆಗೇ ಹೋದರು. ಆಗಿನಿಂದ ಅನಿಲ್ ಮಾತಿಲ್ಲದೆ ಕೂರುತ್ತಾನೆ, ಇದ್ದಕ್ಕಿದ್ದ ಹಾಗೆ ಅಳುತ್ತಾನೆ ಅಂತ ಹೆಂಡತಿ ನಿನ್ನೆ ಭಾಗ್ಯಮ್ಮನ ಕಿವಿಗೆ ಹಾಕಿದ್ದಳು. "ಸರಿ ಇಲ್ಲ ಕಣಕ್ಕ ಇವ್ರು, ನನ್ಗೆ ಭಯ ಆಗ್ತದೆ," ಅಂದಿದ್ದಳು.

ಭಾಗ್ಯಮ್ಮ ಮೊದಲು ನೋಡಿದ್ದು ಅವನ ಮುಖವನ್ನಲ್ಲ, ಹಳೆಯ ಹಾಸನ್ನು. ನೇಯುವಾಗ ಎಳೆ ತುಂಡಾಗುತ್ತಲೇ ಇರುತ್ತದೆ, ನೇಕಾರ ಮಗ್ಗ ನಿಲ್ಲಿಸಿ ಕಟ್ಟಿಕೊಳ್ಳಬೇಕು. ಅನಿಲನ ಹಾಸಿನಲ್ಲಿ ತುಂಡಾದ ಎಳೆಯೆಲ್ಲ ಕಟ್ಟಿದೆ, ಒಂದೂ ಜೋತುಬಿದ್ದಿಲ್ಲ. ಅವನು ಟೀ ಲೋಟ ತಂದು ಪಕ್ಕದಲ್ಲಿಟ್ಟಾಗ ಭಾಗ್ಯಮ್ಮ ತಲೆಯೆತ್ತದೆ ಕೇಳುತ್ತಾರೆ, "ನಿದ್ದೆ ಬರ್ತದೇನಪ್ಪ?"

"ಬರ್ತದೆ ಅಕ್ಕ. ಎಚ್ಚರ ಆದಾಗ ಅಮ್ಮನ ಕೋಣೆ ಕಡೆ ನೋಡ್ತೀನಿ, ಆಮೇಲೆ ಬರಲ್ಲ."

"ಊಟ?"

"ಸೇರಲ್ಲ. ಮೊನ್ನೆ ಇವ್ಳು ಅವರೇಕಾಳು ಸಾರು ಮಾಡಿದ್ಲು, ಅವತ್ತು ಸೇರ್ತು."

"ಅದು ಯಾರಿಗೆ ಸೇರಲ್ಲ ಬಿಡು. ನಿಮ್ಮಮ್ಮ ಅಲ್ಲಿಂದ ಫೋನ್ ಮಾಡಿದ್ರಾ?"

"ಮಾಡಿದ್ರು. ಅಣ್ಣನ ಮನೇಲಿ ಸಾರಿಗೆ ಖಾರನೇ ಹಾಕಲ್ವಂತೆ." ಅನಿಲ್ ನಕ್ಕುಬಿಡುತ್ತಾನೆ. ನಕ್ಕವನು ತಕ್ಷಣ ಕಣ್ಣೊರೆಸಿಕೊಂಡು ಒಳಗೆ ಹೋಗುತ್ತಾನೆ. ಭಾಗ್ಯಮ್ಮನ ಬೆರಳು ಈ ಹೊತ್ತಿಗೆ ಇನ್ನೂ ಐವತ್ತು ಎಳೆ ದಾಟಿದೆ. ಆಮೇಲೆ ಅವನ ಹೆಂಡತಿಗೆ ಅವರು ಹೇಳಿದ್ದು ಇಷ್ಟು: ಇದು ತಾಯಿ ಮನೆ ಬಿಟ್ಟ ಬೇಜಾರಿರಬಹುದು, ಅಳಲಿ ಬಿಡು, ಭಾನುವಾರ ಬೂದಿಗೆರೆಗೆ ಕಳಿಸು. ಎರಡು ವಾರ ಆದರೂ ಹೀಗೇ ಇದ್ದರೆ, ಊಟ ನಿದ್ದೆ ಪೂರ್ತಿ ನಿಂತರೆ, ನನಗೆ ಹೇಳು, ಮೂವರೂ ಹೋಗಿಬರೋಣ. ಜೊತೆಗೆ ಸೀಮೆಸುಣ್ಣದಲ್ಲಿ ಮಗ್ಗದ ಕಂಬದ ಮೇಲೆ ಒಂದು ನಂಬರು ಬರೆದರು, 14416. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಯಾವ ಹೊತ್ತಿನಲ್ಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

"ದುಃಖ ಬಂದೋರು ಅಳ್ತಾರೆ, ಒಂದಿನ ಎದ್ದೇಳೋದೇ ಇಲ್ಲ. ಇನ್ನೊಂದಿನ ಯಾರೋ ಏನೋ ಅಂದ್ರೆ ನಕ್ಬಿಡ್ತಾರೆ. ಅದು ಹೋಗ್ತಾ ಬರ್ತಾ ಇರುತ್ತೆ," ಎಂದು ವಿವರಿಸುತ್ತಾರೆ ಭಾಗ್ಯಮ್ಮ. "ಕಾಯಿಲೆ ಬಂದೋರಿಗೆ ಆ ಹೋಗೋದು ಬರೋದು ಇರಲ್ಲ. ಬೆಳಿಗ್ಗೆನೂ ಅದೇ, ಸಾಯಂಕಾಲನೂ ಅದೇ. ಇಷ್ಟದ್ದು ಮಾಡಿಕೊಟ್ರೂ ಸೇರಲ್ಲ, ಕೆಲ್ಸ ಕೈಗೆ ಹತ್ತಲ್ಲ. ಎರಡು ವಾರ ಹಂಗೇ ಇದ್ರೆ ತೋರಿಸ್ಬೇಕು. ಸಾಯ್ತೀನಿ ಅನ್ನೋ ಮಾತು ಬಂದ್ರೆ ಎರಡು ವಾರ ಏನು, ಎರಡು ಗಂಟೆನೂ ಕಾಯಬಾರ್ದು. ಆದ್ರೆ ಇದು ಅದು, ಅದು ಇದು ಅಂತ ಹೇಳೋರು ಡಾಕ್ಟ್ರು. ನಾನಲ್ಲ. ನಾನಂತೂ ಅಲ್ಲ."

ಕೊನೆಯ ಮಾತನ್ನು ಎರಡು ಸಲ ಹೇಳಿದ್ದು ಯಾಕೆ ಅಂತ ಕೇಳಿದರೆ ಬೆಳಗಿನಿಂದ ಮೊದಲ ಸಲ ಬೆರಳು ನಿಲ್ಲುತ್ತದೆ. ಬೂದಿಯ ಚಿಪ್ಪನ್ನು ಸುಮ್ಮನೆ ಆಚೆ ಸರಿಸಿ ಈಚೆ ಸರಿಸುತ್ತಾರೆ.

ಒಂಬತ್ತು ವರ್ಷದ ಹಿಂದೆ ಭಾಗ್ಯಮ್ಮನ ಗಂಡ ಚೌಡಯ್ಯ ತೀರಿಕೊಂಡರು. ನೇಯುತ್ತಿದ್ದವರು ಎದೆ ಹಿಡಿದುಕೊಂಡು ಕೂತರು, ಅಷ್ಟೇ. ಒಬ್ಬನೇ ಮಗ ಸಂತೋಷನಿಗೆ ಆಗ ಇಪ್ಪತ್ಮೂರು. ಸಾವಾದ ಮನೆಯಲ್ಲಿ ಹನ್ನೊಂದು ದಿನ ಮಗ್ಗ ನಿಲ್ಲುತ್ತದೆ. ಹನ್ನೆರಡನೆಯ ದಿನ ಮಗ ಮಗ್ಗ ಹೂಡಬೇಕು. ಸಂತೋಷ ಹೂಡಿದ, ನಾಲ್ಕು ದಿನ ನೇಯ್ದ, ಆಮೇಲೆ ಎಳೆ ತುಂಡಾದರೆ ಕಟ್ಟುವುದನ್ನು ಬಿಟ್ಟ. ಸೀರೆಯಲ್ಲಿ ಉದ್ದಕ್ಕೆ ಗೀರು ಬೀಳುತ್ತಿದ್ದರೂ ಅದನ್ನೇ ನೋಡಿಕೊಂಡು ಕೂರುತ್ತಿದ್ದ. ಸ್ನಾನ ಬಿಟ್ಟ. ತಾಯಿ ಬಡಿಸಿದ ಅನ್ನವನ್ನು ಮೂಸಿ ನೋಡಿ ತಳ್ಳಿದ. ಗೋಡೆಯ ಕಡೆ ತಿರುಗಿ ಏನೇನೋ ಹೇಳುತ್ತಿದ್ದ.

"ಅಪ್ಪನ ಮೇಲೆ ಪ್ರಾಣ ಇಟ್ಟಿದ್ದ, ಅದ್ಕೇ ಹಿಂಗಾಡ್ತಾನೆ ಅಂದ್ಕೊಂಡೆ," ಎನ್ನುತ್ತಾರೆ ಭಾಗ್ಯಮ್ಮ. "ಎಲ್ಲಾರ ಮನೇಲೂ ಸಾವು ಆಗುತ್ತೆ, ಎಲ್ಲಾರೂ ಸುಧಾರಿಸ್ಕೊತಾರೆ, ಇವ್ನೂ ಸುಧಾರಿಸ್ಕೊತಾನೆ ಅಂದೆ. ಘಾಟಿ ದೇವಸ್ಥಾನಕ್ಕೆ ಹೋಗಿ ಹರಕೆ ಹೊತ್ತೆ. ಕೆಲ್ಸಕ್ಕೆ ಕೂತ್ಕೊ, ಸರಿಹೋಗ್ತದೆ ಅಂತ ದಿನಾ ಬೈದೆ. ಕಾಯಿಲೆ ಬಂದೋನಿಗೆ ಬೈದೆ ಸ್ವಾಮಿ, ಹದಿನಾಲ್ಕು ತಿಂಗಳು."

ಹದಿನಾಲ್ಕನೆಯ ತಿಂಗಳು ಒಂದು ಬೆಳಿಗ್ಗೆ ಭಾಗ್ಯಮ್ಮ ಸ್ವಂತ ಮಗ್ಗಕ್ಕೆ ತಾವೇ ಅಚ್ಚು ಕೆಚ್ಚಿ ಎದ್ದು ಕೈ ತೊಳೆಯಲು ಹೋದರು. ಬರುವಷ್ಟರಲ್ಲಿ ಸಂತೋಷ ಕತ್ತರಿ ಹಿಡಿದು ಇಡೀ ಹಾಸನ್ನು ಅಡ್ಡಕ್ಕೆ ಕತ್ತರಿಸಿ ಹಾಕಿದ್ದ. ಐದು ಸಾವಿರ ಎಳೆ ನೆಲದ ಮೇಲೆ. ಅವು ತನ್ನ ಬಗ್ಗೆ ಕೆಟ್ಟದಾಗಿ ಮಾತಾಡುತ್ತಿವೆ, ಅದಕ್ಕೇ ಬಾಯಿ ಮುಚ್ಚಿಸಿದೆ ಅಂದ. ಅವತ್ತು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು, ನಲವತ್ತು ದಿನ ಅಲ್ಲೇ ಇಟ್ಟುಕೊಂಡರು. ಒಂದು ವರ್ಷ ಮೊದಲೇ ಬಂದಿದ್ದರೆ ಇಷ್ಟು ಬಲಿಯುತ್ತಿರಲಿಲ್ಲ ಅಂತ ಅಲ್ಲಿಯ ಡಾಕ್ಟರು ಹೇಳಿದರು. ಬೀದಿಯವರಿಗೆ ಭಾಗ್ಯಮ್ಮ ಹೇಳಿದ್ದು ಬೇರೆ: ಮಗ ದಾಬಸ್‌ಪೇಟೆಯ ಫ್ಯಾಕ್ಟರಿ ಸೇರಿದ್ದಾನೆ, ಓವರ್‌ಟೈಮ್ ಇದೆ, ಅಲ್ಲೇ ರೂಮು. ಹುಷಾರಾಗಿ ಬಂದ ಮೇಲೆ ಫ್ಯಾಕ್ಟರಿ ಹಿಡಿಸಲಿಲ್ಲ ಅಂದರು. ಬೀದಿ ನಂಬಿತೋ ಬಿಟ್ಟಿತೋ, ಯಾರೂ ಕೇಳಲಿಲ್ಲ. ಮಾತ್ರೆಗಳು ಹಾರ್ಲಿಕ್ಸ್ ಡಬ್ಬಿಯೊಳಗೆ ಸೇರಿದವು.

ಇಷ್ಟೇ ಆಗಿದ್ದರೆ ತಿಳಿವಳಿಕೆ ಇಲ್ಲದೆ ಆದ ತಪ್ಪು ಅನ್ನಬಹುದಿತ್ತು. ಭಾಗ್ಯಮ್ಮನ ತಲೆ ತಗ್ಗಿಸಿದ್ದು ಎರಡನೆಯದು.

ಎರಡು ಮನೆ ಆಚೆ ಆದಿನಾರಾಯಣಪ್ಪ ಅಂತ ನೇಕಾರರಿದ್ದಾರೆ. ನಾಲ್ಕು ವರ್ಷದ ಹಿಂದೆ ಅವರ ಹೆಂಡತಿ ತೀರಿಹೋದರು. ಆಕೆ ಭಾಗ್ಯಮ್ಮನ ಜೊತೆ ಆಡಿ ಬೆಳೆದವರು, ಆಕೆಯ ಮಗಳು ಶ್ವೇತ ಇವರನ್ನು ದೊಡ್ಡಮ್ಮ ಅಂತಲೇ ಕರೆಯುವುದು. ಶ್ವೇತ ಬಿ.ಕಾಂ ಮುಗಿಸಿದ್ದಳು, ಬೆಳಿಗ್ಗೆ ಏಳರಿಂದ ಎಂಟೂವರೆವರೆಗೆ ಜಗಲಿಯ ಮೇಲೆ ಬೀದಿಯ ಹದಿನೆಂಟು ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು. ತಾಯಿ ಹೋಗಿ ಮೂರು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಆ ಮನೆಯಲ್ಲಿ ಅಚ್ಚು ಕೆಚ್ಚುತ್ತ ಕೂತಿದ್ದ ಭಾಗ್ಯಮ್ಮನಿಗೆ, ಶ್ವೇತ ಟ್ಯೂಷನ್ ನಡುವೆ ಒಳಗೆ ಬಂದದ್ದು ಕಾಣಿಸಿತು. ತಾಯಿಯ ಸೀರೆ ಉಟ್ಟಿದ್ದಳು. ತಾಯಿಯ ಫೋಟೋ ಮುಂದೆ ನಿಂತು ಏನೋ ಹೇಳಿದಳು, ಅತ್ತಳು, ನಕ್ಕಳು, ಮತ್ತೆ ಏನೋ ಹೇಳಿದಳು. ಭಾಗ್ಯಮ್ಮನಿಗೆ ಗೋಡೆಯ ಕಡೆ ತಿರುಗಿದ್ದ ಸಂತೋಷನೇ ಕಣ್ಣಿಗೆ ಬಂದ. ಇನ್ನೊಂದು ಸಲ ತಡಮಾಡಬಾರದು ಅನ್ನಿಸಿತು.

ಆದಿನಾರಾಯಣಪ್ಪ ಆಚೆ ಕಡೆಯ ಮಗ್ಗದಲ್ಲಿ ನೇಯುತ್ತಿದ್ದರು. ಆ ಮಗ್ಗದ ಸದ್ದು, ಅಕ್ಕಪಕ್ಕದ ಮನೆಗಳ ಮಗ್ಗದ ಸದ್ದು. ಅದರ ಮೇಲೆ ಕೇಳಿಸಬೇಕಲ್ಲ, ಭಾಗ್ಯಮ್ಮ ಬೀದಿಯವರೆಲ್ಲ ಕೂಗುವ ಹಾಗೆಯೇ ಕೂಗಿದರು. "ಆದಿನಾರಾಯಣಪ್ಪ," ಎಂದು ಶುರುಮಾಡಿದರು. ಸರಿಯಾಗಿ ಅದೇ ಗಳಿಗೆಗೆ ಕರೆಂಟು ಹೋಯಿತು. ಇಡೀ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಬಾಯಿಗೆ ಬಂದಿದ್ದ ಮಾತು ಮಾತ್ರ ನಿಲ್ಲಲಿಲ್ಲ.

"ನಿನ್ನ ಮಗಳಿಗೆ ಹುಚ್ಚು ಹಿಡೀತಿದೆ ಕಣಪ್ಪ, ಫೋಟೋ ಜೊತೆ ಮಾತಾಡ್ತವಳೆ, ಆಸ್ಪತ್ರೆಗೆ ತೋರ್ಸು."

ಜಗಲಿಯ ಮೇಲಿನ ಹದಿನೆಂಟು ಮಕ್ಕಳಿಗೂ ಕೇಳಿಸಿತು. ಎಂಟೂವರೆಗೆ ಅವು ಹದಿನೆಂಟು ಮನೆಗೆ ಹೋದವು. ಮಾರನೆಯ ದಿನ ಟ್ಯೂಷನ್ನಿಗೆ ಬಂದದ್ದು ಐದು, ವಾರ ಕಳೆಯುವಷ್ಟರಲ್ಲಿ ಯಾರೂ ಇಲ್ಲ. ಗಾಬರಿಬಿದ್ದ ಆದಿನಾರಾಯಣಪ್ಪ ಮಗಳನ್ನು ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಎರಡು ಸಲ ಕೂರಿಸಿಕೊಂಡು ಮಾತಾಡಿದರು, ಒಂದು ಮಾತ್ರೆಯನ್ನೂ ಬರೆಯಲಿಲ್ಲ. ಇದು ತಾಯಿಯನ್ನು ಕಳೆದುಕೊಂಡ ದುಃಖ, ಅದಕ್ಕೆ ಸಮಯ ಬೇಕು, ತಡೆಯಲಾಗದಿದ್ದರೆ ಮತ್ತೆ ಬನ್ನಿ ಅಂದರು. ಅದನ್ನು ಯಾರೂ ಕೂಗಿ ಹೇಳಲಿಲ್ಲ. ಶ್ವೇತ ಕಪ್ಪು ಹಲಗೆಯನ್ನು ಅಟ್ಟಕ್ಕೆ ಹಾಕಿ ತಾಯಿ ನೇಯುತ್ತಿದ್ದ ಮಗ್ಗದ ಮುಂದೆ ಕೂತಳು. ಅವತ್ತಿನಿಂದ ಆ ಮನೆಗೆ ಅಚ್ಚು ಕೆಚ್ಚಲು ಬೇರೆ ಬೀದಿಯ ಹೆಂಗಸು ಬರುತ್ತಾರೆ.

"ಹೊತ್ತಿಗೆ ಸರಿಯಾಗಿ ಮಕ್ಕಳಿಗೆ ಲೆಕ್ಕ ಹೇಳ್ಕೊಡ್ತಿದ್ಲು. ಅದನ್ನ ನಾನು ನೋಡ್ಲೇ ಇಲ್ಲ, ಫೋಟೋ ಒಂದೇ ನೋಡಿದೆ," ಎನ್ನುತ್ತಾರೆ ಭಾಗ್ಯಮ್ಮ. ಮುಖ ಮಗ್ಗದ ಕಡೆಗಿದೆ. "ಅವಳು ಅಮ್ಮನ ಹತ್ರ ಮಾತಾಡ್ತಿದ್ಲು. ಅಮ್ಮ ಇಲ್ಲ ಅಂತ ಅವಳಿಗೆ ಗೊತ್ತಿತ್ತು. ನನ್ನ ಮಗ ಮಾತಾಡ್ತಿರ್ಲಿಲ್ಲ, ಯಾರೋ ಕೇಳ್ದಂಗೆ ಉತ್ರ ಕೊಡ್ತಿದ್ದ. ಇಷ್ಟು ವ್ಯತ್ಯಾಸ ನೋಡೋಕಾಗ್ಲಿಲ್ಲ ಈ ಕಣ್ಣಿಗೆ. ದಿನಕ್ಕೆ ಹತ್ತು ಸಾವಿರ ಎಳೆ ಬಿಡಿಸ್ತೀನಿ ಅಂತ ಜಂಬ ಬೇರೆ."

ಮಗನ ಮಾತ್ರೆಗೆ ಹೋದಾಗ ಇದನ್ನೆಲ್ಲ ಅವರು ಅತ್ತುಕೊಂಡು ಹೇಳಿದ್ದು ಆಸ್ಪತ್ರೆಯ ನರ್ಸ್ ಆಶಾರಾಣಿ ಹತ್ತಿರ. ಏನೇನು ಗಮನಿಸಬೇಕು, ಏನು ಕೇಳಬೇಕು, ಯಾವಾಗ ಕಾಯಬಾರದು ಅಂತ ಕೂರಿಸಿಕೊಂಡು ಹೇಳಿಕೊಟ್ಟವರು ಆಕೆ. "ನೋಡಿ, ಕೇಳಿ, ಜೊತೆಗೆ ಬನ್ನಿ. ಹೆಸರಿಡೋ ಕೆಲ್ಸ ನಮಗೆ ಬಿಡಿ ಅಮ್ಮ," ಅಂದರಂತೆ. ಹನ್ನೊಂದು ಜನರ ಲೆಕ್ಕ ಅಲ್ಲಿಂದ ಶುರುವಾಗುತ್ತದೆ. ಪಿಸುಮಾತು ಕೂಡ.

ಹನ್ನೆರಡು ಗಂಟೆಗೆ ಭಾಗ್ಯಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ಒಂದೇ ಕೋಣೆ, ಅದರ ಮುಕ್ಕಾಲು ಭಾಗ ಮಗ್ಗ. ಈಗ ಮೂವತ್ತೆರಡರ ಸಂತೋಷ ನೇಯುತ್ತಿದ್ದಾನೆ, ನಿಧಾನದ ಕೈ, ಆದರೆ ಗೀರಿಲ್ಲದ ಸೀರೆ. ಪೇಪರ್‌ನವರನ್ನು ಕೂರಿಸುವ ಮೊದಲು ಭಾಗ್ಯಮ್ಮ ಡಬ್ಬಿಯಿಂದ ತೆಗೆದು ಕಿಟಕಿಯ ಮೇಲಿಟ್ಟಿದ್ದ ಮಾತ್ರೆಯ ಪಟ್ಟಿಯ ಮೇಲೆ ಟವೆಲ್ ಎಳೆಯುತ್ತಾರೆ. ಬೆಳಗಿನಿಂದ ಮಗನ ವಿಷಯವೆಲ್ಲ ಹೇಳಿ ಆಗಿದೆ, ಆದರೂ ಕೈ ತಾನಾಗಿಯೇ ಹೋಯಿತು.

ಆಮೇಲೆ ಹತ್ತಿರ ಕೂತು, ಇಷ್ಟು ದಿನ ಪೇಪರ್‌ನವರಿಗೆ ಯಾಕೆ ಒಪ್ಪದೆ ಈಗ ಒಪ್ಪಿದೆ ಅನ್ನುವುದನ್ನು ಬಾಯಿಬಿಡುತ್ತಾರೆ.

"ನನ್ನ ಬಗ್ಗೆ ಏನು ಬೇಕಾದ್ರೂ ಬರ್ಕೊಳ್ಳಿ. ಸಂತೋಷನ ಹೆಸ್ರು ಮಾತ್ರ ಹಾಕ್ಬೇಡಿ. ಶ್ವೇತನ ಹೆಸ್ರು ದೊಡ್ಡ ಅಕ್ಷರದಲ್ಲಿ ಹಾಕಿ. ಆ ಹುಡುಗಿಗೆ ಏನೂ ಇರ್ಲಿಲ್ಲ, ತಲೆ ನೆಟ್ಟಗಿತ್ತು, ಅಂಥ ಕೆಟ್ಟ ಕಾಯಿಲೆ ಏನೂ ಬಂದಿರ್ಲಿಲ್ಲ ಅಂತ ಹಾಕಿ. ಬೀದಿಗೆಲ್ಲ ಕೂಗಿದ್ನಲ್ಲ, ಊರಿಗೆಲ್ಲ ಓದ್ಲಿ. ಆಗ ಅವ್ಳು ನನ್ನ ಕರೀತಾಳೆ. ಒಂದ್ಸಲ ಆ ಮಗ್ಗದ ಹಿಂದೆ ಕೂತು ಅಚ್ಚು ಕೆಚ್ಚಿಕೊಟ್ರೆ ಸಾಕು ನನ್ಗೆ."

ಪಿಸುಮಾತಿನಲ್ಲೇ ಹೇಳಿದ್ದು. ಆದರೆ ಸಂತೋಷ ಲಾಳಿಗೆ ನೂಲು ತುಂಬಲು ಮಗ್ಗ ನಿಲ್ಲಿಸಿದ್ದ. ಅವನು ತಲೆಯೆತ್ತಿ ನೋಡಲಿಲ್ಲ, ನೂಲು ತುಂಬಿಕೊಂಡು ಮತ್ತೆ ಮಗ್ಗ ಓಡಿಸತೊಡಗಿದ. ಭಾಗ್ಯಮ್ಮ ಗಮನಿಸಲಿಲ್ಲ.

ಹೆಸರು ಹಾಕಬೇಕಾದರೆ ಶ್ವೇತಳನ್ನೇ ಕೇಳಬೇಕು ಅನ್ನುತ್ತೇವೆ. ಭಾಗ್ಯಮ್ಮ ಸೆರಗಿನಲ್ಲಿ ಕೈಯ ಬೂದಿ ಒರೆಸಿಕೊಂಡು ಎದ್ದೇಬಿಡುತ್ತಾರೆ. ಎರಡು ಮನೆಯ ದೂರ ನಡೆಯಲು ನಾಲ್ಕು ವರ್ಷ ಬೇಕಾಯಿತು. ಜಗಲಿಯ ಮೇಲೆ ಹತ್ತುವುದಿಲ್ಲ, ಬೀದಿಯಲ್ಲೇ ನಿಲ್ಲುತ್ತಾರೆ. ಇಪ್ಪತ್ತಾರರ ಶ್ವೇತ ಮಗ್ಗ ನಿಲ್ಲಿಸಿ ಬಾಗಿಲಿಗೆ ಬರುತ್ತಾಳೆ. ಬಂದ ವಿಷಯವನ್ನು ಪೂರ್ತಿ ಕೇಳಿಸಿಕೊಳ್ಳುತ್ತಾಳೆ. ಭಾಗ್ಯಮ್ಮ ಹೇಳುವುದನ್ನು ಕೇಳಿಸಿಕೊಳ್ಳಲು ಅವಳೂ ಬಗ್ಗಬೇಕಾಗುತ್ತದೆ.

"ನನ್ಗೆ ಅಂಥ ಕೆಟ್ಟ ಕಾಯಿಲೆ ಇರ್ಲಿಲ್ಲ ಅಂತ ಬರೆಸ್ತೀರ. ಸರಿ," ಎನ್ನುತ್ತಾಳೆ ಶ್ವೇತ. "ಹಂಗಾದ್ರೆ ಸಂತೋಷಣ್ಣನ ಬಗ್ಗೆ ಏನು ಬರೆಸ್ತೀರ ದೊಡ್ಡಮ್ಮ?"

ಭಾಗ್ಯಮ್ಮ, ಇವಳಿಗೆ ಹೇಗೆ ಗೊತ್ತು ಅನ್ನುವ ಹಾಗೆ ನೋಡುತ್ತಾರೆ.

"ಆಸ್ಪತ್ರೆಗೆ ಹೋದಾಗ ಅಲ್ಲಿ ಸಂತೋಷಣ್ಣ ಕೂತಿದ್ರು. ಮಾತ್ರೆಗೆ ಬಂದಿದ್ರು. ನಾನು ಅಳ್ತಿದ್ದೆ. ಇಲ್ಲಿ ಚೆನ್ನಾಗಿ ಮಾತಾಡಿಸ್ತಾರೆ, ಹೆದರ್ಕೋಬೇಡ ಅಂದ್ರು. ನಾನು ಯಾರಿಗೂ ಹೇಳಿಲ್ಲ, ಅವ್ರೂ ಹೇಳಿಲ್ಲ." ಶ್ವೇತಳ ದನಿ ಏರುವುದಿಲ್ಲ. "ನೀವು ನನ್ನ ಆಸ್ಪತ್ರೆಗೆ ಕಳ್ಸಿದ್ದು ತಪ್ಪಲ್ಲ. ಅಲ್ಲಿ ಹೋಗಿ ಮಾತಾಡಿದ್ಮೇಲೇ ನನ್ಗೆ ಉಸಿರು ಬಂದಿದ್ದು. ಆದ್ರೆ ನೀವು ಅದನ್ನ ಬಯ್ಗುಳದ ಥರ ಕೂಗಿದ್ರಿ. ಇವತ್ತೂ ಅದೇ ಬಯ್ಗುಳ ವಾಪಸ್ ತಗೊಳ್ಳೋಕೆ ಬಂದಿದೀರ. ನನ್ನ ಮೇಲಿಂದ ತೆಗೆದು ಸಂತೋಷಣ್ಣನ ಮೇಲೆ ಹಾಕ್ತೀರ, ಅಷ್ಟೇ."

ಬೀದಿಯ ಮಗ್ಗಗಳೆಲ್ಲ ಸದ್ದು ಮಾಡುತ್ತಲೇ ಇವೆ. ಭಾಗ್ಯಮ್ಮ ತಮ್ಮ ಹೆಬ್ಬೆರಳನ್ನು ತೋರುಬೆರಳಿನಲ್ಲಿ ಉಜ್ಜಿಕೊಳ್ಳುತ್ತ ನಿಂತಿದ್ದಾರೆ. "ತಪ್ಪಾಯ್ತು ಕಣಮ್ಮ," ಎನ್ನುತ್ತಾರೆ. ನಾಲ್ಕು ವರ್ಷದಿಂದ ಹೇಳಬೇಕು ಅಂದುಕೊಂಡಿದ್ದ ಮಾತು ಅದೊಂದೇ, ಹೇಳಿದ್ದು ಬೇರೆಯದೇ ತಪ್ಪಿಗೆ.

"ನನ್ನ ಹೆಸ್ರು ಹಾಕ್ಲಿ," ಎಂದು ಶ್ವೇತ ಪೇಪರ್‌ನವರ ಕಡೆ ತಿರುಗುತ್ತಾಳೆ. "ಅಮ್ಮ ಹೋದಾಗ ತುಂಬ ಅತ್ತೆ, ಆಸ್ಪತ್ರೆಗೂ ಹೋಗಿದ್ದೆ ಅಂತ ಹಾಕಿ. ಈಗ್ಲೂ ಒಂದೊಂದಿನ ಫೋಟೋ ಜೊತೆ ಮಾತಾಡ್ತೀನಿ ಅಂತಾನೂ ಹಾಕಿ." ಅಚ್ಚಿನ ವಿಷಯ ಕೇಳಿದರೆ ಹೇಳುತ್ತಾಳೆ, "ಗುರುವಾರಕ್ಕೆ ಬೇರೆಯವ್ರಿಗೆ ಹೇಳಿ ಆಗಿದೆ. ಮುಂದೆ ನೋಡೋಣ. ಈಗ್ಲೇ ಹೂಂ ಅಂದ್ರೆ ಸುಳ್ಳಾಗುತ್ತೆ." ಹೇಳಿ ಒಳಗೆ ಹೋಗಿ ಮತ್ತೆ ಮಗ್ಗ ಓಡಿಸುತ್ತಾಳೆ.

ಮನೆಗೆ ಬಂದ ಭಾಗ್ಯಮ್ಮ ಊಟಕ್ಕೆ ಕೂರುವುದಿಲ್ಲ. ಟವೆಲ್ ತೆಗೆದು ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಮಗನ ಹತ್ತಿರ ನಿಲ್ಲುತ್ತಾರೆ. ಸಂತೋಷ ಮಗ್ಗ ನಿಲ್ಲಿಸುತ್ತಾನೆ.

"ಆಗ್ಲೇ ಕೇಳಿಸ್ತು ಕಣಮ್ಮ, ಕೆಟ್ಟ ಕಾಯಿಲೆ ಅಂದಿದ್ದು."

"ಬಾಯಿಗೆ ಬಂದ್ಬಿಡ್ತು ಕಣೋ."

"ಇವತ್ತು ಬಂದಿದ್ದಲ್ಲ." ಅವನು ನಿಧಾನವಾಗಿ ಮಾತಾಡುತ್ತಾನೆ, ಹುಡುಕಿ ಹುಡುಕಿ. "ಮುನಿತಾಯಮ್ಮಜ್ಜಿಗೆ ಶುಗರ್ ಮಾತ್ರೆ ತಗೊಂಡ್ಯಾ ಅಂತ ಬೀದಿಗೆಲ್ಲ ಕೇಳೋ ಹಂಗೆ ಕೇಳ್ತಾರೆ. ಎಂಟು ವರ್ಷ ಆಯ್ತು, ನೀನು ನನ್ನ ಕಿವೀಲಿ ಕೇಳ್ತೀಯ. ಬಾಗ್ಲು ಹಾಕ್ಕೊಂಡು ಕೇಳ್ತೀಯ. ನಾನು ಏನೋ ಕದ್ದಿರೋನ ಥರ ನುಂಗ್ತೀನಿ." ಲಾಳಿಯನ್ನು ಕೈಯಲ್ಲಿ ತಿರುಗಿಸುತ್ತಾನೆ. "ನನ್ನ ಹೆಸ್ರೂ ಹಾಕ್ಸು. ಸಂತೋಷ, ನೇಕಾರ, ಮಾತ್ರೆ ತಗೊತಾನೆ ಅಂತ. ನೀನೂ ಇನ್ಮೇಲೆ ಕೂಗೇ ಕೇಳು."

ಭಾಗ್ಯಮ್ಮ ಆಗ ಅಳುತ್ತಾರೆ. ಅಳುವ ಸದ್ದೂ ಆಚೆಗೆ ಕೇಳಿಸದ ಹಾಗೆ, ಸೆರಗು ಬಾಯಿಗೆ ಒತ್ತಿಕೊಂಡು. "ಹೆತ್ತ ಮಗನ ಬಗ್ಗೆ ನಾಚಿಕೆ ಪಟ್ಕೊಂಡೆ ಸ್ವಾಮಿ," ಎಂದು ಆಮೇಲೆ ಹೇಳುತ್ತಾರೆ. "ಇಷ್ಟು ದಿನ ಶ್ವೇತಂಗೆ ಮಾಡಿದ್ದಕ್ಕೆ ನಾಚಿಕೆ ಅಂದ್ಕೊಂಡಿದ್ದೆ. ಅದಕ್ಕಿಂತ ಹಳೇದು ಇದು. ಹನ್ನೊಂದು ಜನಕ್ಕೆ ಇದ್ರಲ್ಲಿ ತಲೆ ತಗ್ಸೋಂಥದ್ದು ಏನೂ ಇಲ್ಲ ಅಂತ ಬಸ್ಸಲ್ಲಿ ಹೇಳಿದೀನಿ. ಮನೇಲಿ ಟವೆಲ್ ಮುಚ್ಚಿದೀನಿ."

ಮಾರನೆಯ ಬೆಳಿಗ್ಗೆ ಫೋಟೋ ತೆಗೆಯಲು ಹೋದಾಗ ಐದು ಗಂಟೆಗೆ ಹತ್ತು ನಿಮಿಷ ಇದೆ. ಭಾಗ್ಯಮ್ಮ ಕೆಲಸಕ್ಕೆ ಹೊರಟು ಬೀದಿಯಲ್ಲಿ ನಿಂತಿದ್ದಾರೆ, ಒಂದು ಕೈಯಲ್ಲಿ ಬೂದಿಯ ಚಿಪ್ಪು. ಇವತ್ತಿನ ಮನೆ ಬೇರೆ, ಐದು ಸಾವಿರದ ಇನ್ನೂರು ಎಳೆ. ಮಗ್ಗಗಳು ಇನ್ನೂ ಎದ್ದಿಲ್ಲ. ಆದಿನಾರಾಯಣಪ್ಪನವರ ಮನೆಯಲ್ಲಿ ದೀಪ ಹತ್ತಿದೆ, ಶ್ವೇತ ಬಾಗಿಲಿಗೆ ನೀರು ಹಾಕುತ್ತಿದ್ದಾಳೆ. ಎದುರು ಮನೆಯವರು ಬೇವಿನ ಕಡ್ಡಿ ಕಚ್ಚಿಕೊಂಡು ನಿಂತಿದ್ದಾರೆ. ಮುನಿತಾಯಮ್ಮ ತಮ್ಮ ಜಗಲಿಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದಾರೆ.

ಭಾಗ್ಯಮ್ಮ ಎರಡು ಹೆಜ್ಜೆ ಮುಂದೆ ಹೋಗುತ್ತಾರೆ, ನಿಲ್ಲುತ್ತಾರೆ. ಮುಖ ಕೆಂಪಾಗಿದೆ. ಮನೆಯ ಕಡೆ ತಿರುಗಿ, ನಾಲ್ಕು ವರ್ಷದಿಂದ ಯಾರೂ ಕೇಳದ ಗಂಟಲಿನಲ್ಲಿ ಕೂಗುತ್ತಾರೆ.

"ಸಂತೋಷಾ, ಮಾತ್ರೆ ತಗೊಂಡ್ಯೇನೋ?"

"ತಗೊಂಡೆ ಕಣಮ್ಮಾ," ಎಂದು ಒಳಗಿಂದ ಅಷ್ಟೇ ಜೋರಾಗಿ ಬರುತ್ತದೆ.

ಭಾಗ್ಯಮ್ಮ ತಲೆ ತಗ್ಗಿಸಿಕೊಂಡೇ ನಿಂತಿದ್ದಾರೆ, ಯಾರು ಏನು ಅನ್ನುತ್ತಾರೋ ಅಂತ. ಎದುರು ಮನೆಯವರು ಉಗುಳಿ ಮತ್ತೆ ಕಡ್ಡಿ ಕಚ್ಚುತ್ತಾರೆ. ಶ್ವೇತ ಒಂದು ಗಳಿಗೆ ಈ ಕಡೆ ನೋಡಿ ಚೊಂಬಿನಲ್ಲಿ ಉಳಿದ ನೀರನ್ನು ಚೆಲ್ಲಿ ರಂಗೋಲಿಗೆ ಬಗ್ಗುತ್ತಾಳೆ. ಜಗಲಿಯ ಮೇಲಿಂದ ಮುನಿತಾಯಮ್ಮ ಮಾತ್ರ ಉತ್ತರ ಕೊಡುತ್ತಾರೆ.

"ನಂದೂ ಆಯ್ತು ಕಣೇ ಭಾಗ್ಯ, ಈಗ ತಾನೆ ನುಂಗ್ದೆ."

"ಆಯ್ತಾ ಅಮ್ಮ, ಒಳ್ಳೇದಾಯ್ತು," ಎನ್ನುತ್ತಾರೆ ಭಾಗ್ಯಮ್ಮ, ಬೀದಿಗೆಲ್ಲ ಕೇಳುವ ಹಾಗೆ, ಮತ್ತು ಕೆಲಸಕ್ಕೆ ಹೊರಡುತ್ತಾರೆ.